ಒಂದು ಕಿಲೋ ಇನ್ನೂರು ಗ್ರಾಂ ಜಾಸ್ತಿ

ನಮ್ಮ ಮನೆಯ ಸೂಟ್‌ಕೇಸುಗಳ ಚಕ್ರಗಳಲ್ಲಿ ಸದಾ ಒಂದಿಷ್ಟು ಹಿಟ್ಟು ಮೆತ್ತಿಕೊಂಡಿರುತ್ತದೆ. ಅದು ಅಡುಗೆಮನೆಯ ಹಿಟ್ಟಲ್ಲ. ಬಾಗಲಗುಂಟೆಯ ನಮ್ಮ ಬೀದಿಯ ತುದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುಡುಗುಡು ಎನ್ನುತ್ತಲೇ ಇರುವ ನಂಜಕ್ಕನ ಗಿರಣಿಯ ಹಿಟ್ಟು. ವಿಮಾನ ಹತ್ತಲು ಹೊರಟ ಪೆಟ್ಟಿಗೆಗೂ ರಾಗಿ ಬೀಸುವ ಗಿರಣಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಇರುವುದು ತಕ್ಕಡಿಯಿಂದ. ನಮ್ಮ ಬೀದಿಯಲ್ಲಿ ಯಾರೇ ವಿಮಾನಕ್ಕೆ ಹೊರಡಲಿ, ಮೊದಲು ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ನಂಜಕ್ಕನ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಜನ್ಮದಲ್ಲಿ ಒಮ್ಮೆಯೂ ವಿಮಾನ ಹತ್ತದ ನಂಜಕ್ಕ, "ಒಳದೇಶಾನಾ, ಒರದೇಶಾನಾ?" ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ಹದಿನೈದೋ ಇಪ್ಪತ್ತಮೂರೋ ಮೂವತ್ತೋ ಎಂಬ ಮಿತಿಯನ್ನು ತಾನೇ ವಿಧಿಸಿದವಳಂತೆ ಹೇಳುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ಬೀಸಲು ತಂದವರ ಸಾಲಿನಲ್ಲಿ ಸೂಟ್‌ಕೇಸು ಒಂದು ಚೀಲವಷ್ಟೆ.

ನಾನು ಮಾತ್ರ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ಆ ಚಕ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಕನ್ನಡಿಯಂಥ ಆ ನೆಲದ ಮೇಲೆ ರಾಗಿಹಿಟ್ಟಿನ ಗೆರೆ ಎಳೆಯುತ್ತಾ ಹೋಗುವುದು ಸೋಲದೇವನಹಳ್ಳಿಯ ಕಾಲೇಜೊಂದರ ಗ್ರಂಥಪಾಲಕನಿಗೆ ಶೋಭಿಸದು ಎಂಬ ಅಳುಕು. ಹಾಗೆ ಅಳುಕುತ್ತಿದ್ದವನು ಮೂರು ತಿಂಗಳ ಹಿಂದಿನ ಒಂದು ಬುಧವಾರದವರೆಗಿನ ನಾನು. ಆ ಬುಧವಾರವನ್ನು ಹೇಳದೆ ನನಗೆ ಬಿಡುಗಡೆಯಿಲ್ಲ, ಸ್ವಲ್ಪ ಕೇಳಿ. ಈಗಲೂ ಕಾಲೇಜಿನಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುತ್ತಿರುವಾಗ ಥಟ್ಟನೆ ಅದು ಕಣ್ಣೆದುರು ಬಂದು, ಒತ್ತಿದ್ದನ್ನೇ ಮತ್ತೆ ಒತ್ತಿಬಿಡುತ್ತೇನೆ.

ಅಂದು ಹೊರಟಿದ್ದವಳು ನನ್ನ ಸೋದರತ್ತೆ ಜಯತ್ತೆ. ಅವಳ ಒಬ್ಬಳೇ ಮಗಳು ಉಷಾ ಆರು ವರ್ಷಗಳ ಹಿಂದೆ ತನ್ನ ಬ್ಯಾಂಕಿನ ಸಹೋದ್ಯೋಗಿಯೊಬ್ಬನನ್ನು ಮದುವೆಯಾಗಿ ಗುವಾಹಟಿಯಲ್ಲಿ ನೆಲೆಸಿದ್ದಳು. ಅತ್ತೆ ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ, ಮಗಳ ಮನೆಗೆ ಹೋಗಲಿಲ್ಲ, ಅಷ್ಟೆ. ಮಗಳು ಎರಡು ಸಲ ಟಿಕೆಟ್ ಕಳಿಸಿದಾಗ ಒಮ್ಮೆ ಮಂಡಿನೋವು, ಇನ್ನೊಮ್ಮೆ ಸೊಸೈಟಿಯ ಸಭೆ. ಮೂರನೆಯ ಟಿಕೆಟ್ಟಿಗೆ ಅದೇನನ್ನಿಸಿತೋ, ಹೂಂ ಎಂದಳು. ಈ ಸಲವೂ ತಪ್ಪಿದರೆ ನಾಲ್ಕನೆಯ ಟಿಕೆಟ್ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಉಷಾ ಫೋನಿನಲ್ಲಿ ನನಗೆ ಹಾಗೆಂದೇ ಹೇಳಿದ್ದಳು.

ಹೀಗಾಗಿ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಮದುವೆಯ ಸಡಗರ. ವಿಮಾನದ ತೂಕದ ನಿಯಮ ಎಷ್ಟು ಕಟುವಾದದ್ದೆಂದು ಪ್ಯಾಕ್ ಮಾಡಿ ನೋಡಿದವರಿಗೇ ಗೊತ್ತು. ಕೈಚೀಲಕ್ಕೆ ಏಳು ಕಿಲೋ, ಪೆಟ್ಟಿಗೆಗೆ ಹದಿನೈದು. ಮೀರಿದ ಪ್ರತಿ ಕಿಲೋಗೂ ತೆರಬೇಕಾದ ದಂಡದಲ್ಲಿ ಅದೇ ಚಟ್ನಿಪುಡಿಯನ್ನು ವರ್ಷಪೂರ್ತಿ ತಿನ್ನಬಹುದು. ನಿಲ್ದಾಣದ ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕೂತ ಸಂಸಾರಗಳನ್ನು ನೀವೂ ನೋಡಿರುತ್ತೀರಿ. ಒಳಲಂಗ, ಉಪ್ಪಿನಕಾಯಿ, ಗುಳಿಗೆಯ ಡಬ್ಬಿ, ಎಲ್ಲವೂ ಊರಿನ ಕಣ್ಣಿಗೆ. ಬೇಸಿಗೆಯಲ್ಲಿ ಎರಡು ಸ್ವೆಟರ್ ತೊಟ್ಟು ಬೆವರುತ್ತಾ ನಿಂತ ಯಜಮಾನರು! ಅಂಥ ಅವಮಾನ ಅತ್ತೆಗೆ ಆಗಬಾರದೆಂದು ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಬಚ್ಚಲುಮನೆಯ ಪಕ್ಕದ ಮನುಷ್ಯರ ತೂಕದ ಯಂತ್ರದ ಮೇಲೆ ನಿಂತೆ. ಬಂದ ಮೊತ್ತದಲ್ಲಿ ನನ್ನನ್ನು ಕಳೆದೆ. ಹದಿನಾಲ್ಕು ಕಿಲೋ ಆರುನೂರು ಗ್ರಾಂ ಉಳಿಯಿತು. ಚಪ್ಪಾಳೆ.

ಬೆಳಿಗ್ಗೆ ಎರಡು ಕಳ್ಳತನಗಳು ನಡೆದವು. ಮೊದಲನೆಯದು ನನ್ನದು. ಅತ್ತೆಯ ಕೈಚೀಲ ಏಳಕ್ಕಿಂತ ಇನ್ನೂರು ಗ್ರಾಂ ಹೆಚ್ಚಿತ್ತು. ದಾರಿಯಲ್ಲಿ ಅವಳ ಫೋನು ಸಾಯದಿರಲೆಂದು ನಾನೇ ಕೊಟ್ಟಿದ್ದ ಹಳೆಯ ಪವರ್ ಬ್ಯಾಂಕು ಅದರಲ್ಲಿತ್ತು. ಇಟ್ಟಿಗೆಯಂಥದ್ದು, ನಾನೂರು ಗ್ರಾಂ ತೂಗುವಂಥದ್ದು. ಚಿಕ್ಕದಾಗಿಯೂ ಭಾರವಾಗಿಯೂ ಇರುವುದನ್ನು ಕೈಚೀಲದಿಂದ ಪೆಟ್ಟಿಗೆಗೆ ದಾಟಿಸುವುದೇ ಈ ಆಟದ ಮೊದಲ ಪಟ್ಟು ಅಲ್ಲವೇ? ಯಾರಿಗೂ ಹೇಳದೆ ದಾಟಿಸಿದೆ. ಟಿಕೆಟ್ಟಿನ ಹಾಳೆಯಲ್ಲಿ ತೂಕದ ಸಾಲುಗಳ ಕೆಳಗೇ, ಬ್ಯಾಟರಿಯಂಥವನ್ನು ಪೆಟ್ಟಿಗೆಯಲ್ಲಿ ಇಡಕೂಡದೆಂದು ಚಿತ್ರ ಸಮೇತ ಬರೆದಿತ್ತು. ಹುಡುಗರಿಗೆ ನಿಯಮಗಳ ಫಲಕವನ್ನು ಗಟ್ಟಿಯಾಗಿ ಓದಿಸುವ ಗ್ರಂಥಪಾಲಕ ಅಂಕಿಗಳನ್ನು ಮಾತ್ರ ಓದಿ ಮಡಚಿಟ್ಟಿದ್ದ.

ಎರಡನೆಯ ಕಳ್ಳತನ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೆ: ನಿನ್ನೆ ಸಲೀಸಾಗಿ ಎಳೆದ ಜಿಪ್ಪು ಇಂದು ಹಟ ಹಿಡಿಯಿತು. ಬಟ್ಟೆಗಳು ರಾತ್ರಿಯಿಡೀ ಉಬ್ಬಿಕೊಳ್ಳುತ್ತವೇನೋ ಎಂದು ನಗುತ್ತಾ, ಎಲ್ಲರೂ ಮಾಡುವುದನ್ನೇ ಮಾಡಿದೆ. ಪೆಟ್ಟಿಗೆಯ ಮೇಲೆ ಕೂತೆ. ಕೂತು, ಒಮ್ಮೆ ಕುಪ್ಪಳಿಸಿ, ಜಿಪ್ಪು ಎಳೆದೆ. ಕೆಳಗೆಲ್ಲೋ 'ಟಕ್' ಎಂದಿತು. ಸೋಪಿನ ಡಬ್ಬಿ ಇರಬೇಕು ಎಂದುಕೊಂಡೆ. ಗೆಳೆಯರೇ, ಆ 'ಟಕ್' ಇದೆಯಲ್ಲ, ಮೂರು ತಿಂಗಳಿಂದ ನನ್ನ ಕಿವಿಯಲ್ಲಿ ವಾಸವಾಗಿದೆ.

ಹನ್ನೊಂದು ಗಂಟೆಗೆ ಗಿರಣಿ ತಲುಪಿದೆವು. ಯಂತ್ರ ಓಡುತ್ತಿತ್ತು, ಬಿಸಿಲಿನ ಕೋಲಿನಲ್ಲಿ ಹಿಟ್ಟಿನ ಧೂಳು ತೇಲುತ್ತಿತ್ತು. ತಕ್ಕಡಿಯ ಕೆಂಪು ಅಂಕಿಗಳು ಒಂದಿಷ್ಟು ಕುಣಿದು, ಹದಿನಾರು ಇನ್ನೂರರಲ್ಲಿ ನಿಂತವು.

"ಒಳದೇಶ ಅಲ್ವಾ ಜಯಕ್ಕ? ಅಂಗಾದ್ರೆ ಒಂದು ಕಿಲೋ ಇನ್ನೂರು ಜಾಸ್ತಿ ಐತೆ. ತೆಗೀರಿ ಆಚೆಗೆ," ಎಂದು ನಂಜಕ್ಕ ಯಂತ್ರದ ಸದ್ದಿನ ಮೇಲೆ ಕೂಗಿದಳು.

ನಾನೂ ಕೂಗಿದೆ. "ಸಾಧ್ಯಾನೇ ಇಲ್ಲ ನಂಜಕ್ಕ! ನಿನ್ನೆ ಹದಿನಾಲ್ಕು ಆರ್ನೂರು ಇತ್ತು. ನಿಮ್ಮ ತಕ್ಕಡೀಲಿ ಹಿಟ್ಟು ಕೂತಿರ್ಬೇಕು ನೋಡಿ." ನನ್ನ ನಾನೂರು ಗ್ರಾಂ ಸೇರಿದರೂ ಸರಿಯಾಗಿ ಹದಿನೈದಾಗಬೇಕಿತ್ತು; ಆ ಲೆಕ್ಕದ ಧೈರ್ಯದಲ್ಲಿ ಕೂಗಿದ್ದೆ.

ನಂಜಕ್ಕ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಯಂತ್ರವನ್ನೇ ನಿಲ್ಲಿಸಿದಳು. ನನ್ನ ಜೀವಮಾನದಲ್ಲಿ ಗಿರಾಕಿಯ ಮಾತಿಗೆ ಆ ಯಂತ್ರ ನಿಂತದ್ದು ಅದೇ ಮೊದಲು. ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ನನ್ನೆದುರು ಬಂದು ನಿಂತಳು.

"ಈಗೇಳು ಸೀನಾ, ಏನಂದೆ? ನಿಮ್ಮಪ್ಪನ ಕಾಲದಿಂದ ನಿಮ್ಮನೆ ರಾಗಿ ತೂಗಿದೀನಿ, ಒಂದು ಹಿಡಿ ಎಚ್ಚುಕಮ್ಮಿ ಆಗೈತಾ? ಬಚ್ಚಲುಮನೆ ಮಿಷಿನ್ನು ನಂಬ್ತೀಯ, ನನ್ನ ತಕ್ಕಡಿ ನಂಬಕಿಲ್ವಾ? ಓದಿದೋನಲ್ವಾ, ಓದ್ಕೋ ಬಾ, ಎಷ್ಟೈತೆ ಅಂತ!"

"ಬಿಡೇ ನಂಜಿ, ಅವನನ್ನ ಬೈಬೇಡ," ಎಂದು ಅತ್ತೆ ನಡುವೆ ಬಂದಳು. ಮುಖ ಕೆಂಪಾಗಿತ್ತು. ತಕ್ಕಡಿಯ ಪಕ್ಕ ಮಂಡಿಯೂರಿ ಜಿಪ್ಪಿಗೆ ಕೈಹಾಕಿದಳು. "ನಾನೇ ಒಂದು ವಸ್ತು ಇಟ್ಟಿದೀನಿ. ತೆಗೀತೀನಿ ತಡಿ."

ಆ ನಿಶ್ಶಬ್ದದಲ್ಲಿ ಕೇಳಿಸಿತು. ಕುಕ್ಕರ್ ಕೂಗುವ ಮೊದಲು ಉಸಿರೆಳೆಯುವಂಥ, ಸಣ್ಣ, ಬಿಡದ 'ಸುಸ್ಸ್'. ಉಗುರುಬಣ್ಣದಂಥ ಸಿಹಿ ವಾಸನೆ ಹೊಮ್ಮಿತು. ಗೇಣುದ್ದ ತೆರೆದ ಜಿಪ್ಪಿನಿಂದ ಬೂದುಬಣ್ಣದ ಹೊಗೆ ಎದ್ದಿತು, ಅತ್ತೆಯ ಕೈ ಮಣಿಕಟ್ಟಿನವರೆಗೆ ಒಳಗಿತ್ತು!

"ಕೈ ತೆಗೀರಿ ಜಯಕ್ಕಾ!"

ಹಿಟ್ಟಿನ ಧೂಳು ತುಂಬಿದ ಕೋಣೆಗೆ ಕಿಡಿ ಬಿದ್ದರೆ ಧೂಳೇ ಹೊತ್ತಿಕೊಳ್ಳುತ್ತದೆಂದು ನಂಜಕ್ಕನಿಗೆ ಗೊತ್ತಿತ್ತು. ಬೀಡಿ ಹಿಡಿದು ಬಂದವರನ್ನು ಮೂವತ್ತು ವರ್ಷಗಳಿಂದ ಬಾಗಿಲಲ್ಲೇ ತಡೆದವಳು ಅವಳು. ಅತ್ತೆಯ ಭುಜ ಹಿಡಿದು ಹಿಂದಕ್ಕೆಳೆದು, ಪೆಟ್ಟಿಗೆಯನ್ನು ತಕ್ಕಡಿಯಿಂದ ದಬ್ಬಿ, ಹಿಡಿಕೆ ಹಿಡಿದು ಬಾಗಿಲಾಚೆ ಓಡಿದಳು. ಚಕ್ರಗಳು ರಸ್ತೆಯಲ್ಲಿ ಗಡಗಡ ಎಂದವು. ಎದುರಿಗೆ ಕಟ್ಟುತ್ತಿದ್ದ ಮನೆಯ ಮರಳಿನ ಗುಡ್ಡೆಗೆ ಪೆಟ್ಟಿಗೆಯನ್ನು ನೂಕಿದ ಮರುಕ್ಷಣ ಅದು ಭಗ್ಗೆಂದಿತು. ಗಾರೆ ಕೆಲಸದವರು ಬಾಣಲಿಗಟ್ಟಲೆ ಮರಳು ಸುರಿದರು. ಒಳಗಿನಿಂದ ಪಟಪಟ ಸಿಡಿಯಿತು, ಅಡಗಿತು, ಮತ್ತೆ ಸಿಡಿಯಿತು. ಮತ್ತೆ ಮರಳು. ನಾನೇನು ಮಾಡಿದೆ ಎಂದು ಕೇಳಿ. ಗಿರಣಿಯ ಬಾಗಿಲಲ್ಲಿ ಅತ್ತೆಯ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದೆ. ಅಷ್ಟೆ.

ಎಲ್ಲ ತಣ್ಣಗಾದ ಮೇಲೆ ಅತ್ತೆ ಗಿರಣಿಯ ಮೆಟ್ಟಿಲ ಮೇಲೆ ಕೂತಳು. ಕೈಗೆ ಏನೂ ಆಗಿರಲಿಲ್ಲ, ಬಳೆ ಮಾತ್ರ ಮಸಿಯಾಗಿತ್ತು. ನಾನು ಪವರ್ ಬ್ಯಾಂಕಿನ ವಿಷಯ ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಟ್ಯಾಕ್ಸಿಯೋನಿಗೆ ಬರಬೇಡ ಅನ್ನು ಸೀನಾ. ನಾನು ಹೋಗಲ್ಲ. ಹೋಗಬೇಡ ಅಂತಲೇ ಅಲ್ವೇನೋ ಇದು?"

ಮೂರು ಗಂಟೆಯ ಹೊತ್ತಿಗೆ ಅವಳು ನಿಲ್ದಾಣದಲ್ಲಿರಬೇಕಿತ್ತು. ಗುವಾಹಟಿಯಲ್ಲಿ ಉಷಾ ರಜೆ ಹಾಕಿ ಕಾಯುತ್ತಿದ್ದಳು. ಇದು ಅಪಶಕುನವಲ್ಲ, ನನ್ನ ಮೂರ್ಖತನ ಎಂದು ಹೇಳಿದರೆ ಅವಳ ಅಂಜಿಕೆ ಕಳೆಯುತ್ತದೆಯೇ? ಅಷ್ಟರಲ್ಲಿ ನಂಜಕ್ಕ ಮರಳನ್ನು ಕೋಲಿನಿಂದ ಕೆದಕಿ, ಗೋಣಿಚೀಲ ಸುತ್ತಿದ ಕೈಯಿಂದ ಕಪ್ಪಗಿನ ವಸ್ತುವೊಂದನ್ನು ಎತ್ತಿ ತಂದು ಬಕೀಟಿನ ನೀರಿಗೆ ಅದ್ದಿದಳು. ಚುರ್ರೆಂದಿತು. ಒರೆಸಿದಾಗ ಹಿತ್ತಾಳೆ ಇಣುಕಿತು. ಚಕ್ಕುಲಿ ಒರಳು.

ಅದೇ ಎರಡನೆಯ ಕಳ್ಳತನ. ಅಜ್ಜಿಯಿಂದ ಅತ್ತೆಗೆ ಮದುವೆಯ ದಿನ ಬಂದ ಒರಳು ಅದು. ಉಷಾಳ ಮದುವೆಯ ದಿನ ಉಷಾಳಿಗೆ ಹೋಗಬೇಕಿತ್ತು. ಆರು ವರ್ಷ ಅಟ್ಟದ ಮೇಲೆ ಮುನಿಸಿಕೊಂಡು ಕೂತಿತ್ತು. ತನ್ನ ಮುನಿಸು ಕರಗಿದ್ದನ್ನು ನಾವು ನೋಡಿಬಿಡುತ್ತೇವೆಂಬ ನಾಚಿಕೆಗೆ ಅತ್ತೆ ಅದನ್ನು ಬೆಳಿಗ್ಗೆ ಸೀರೆಗಳ ನಡುವೆ ಹುದುಗಿಸಿದ್ದಳು.

ನಂಜಕ್ಕ ಒರಳನ್ನು ತಕ್ಕಡಿಯ ಮೇಲಿಟ್ಟಳು. "ನೋಡ್ಕೊಳಪ್ಪಾ ಓದಿದೋನೇ. ಒಂದು ಇನ್ನೂರು. ನನ್ನ ತಕ್ಕಡಿ ಸುಳ್ಳು ಏಳ್ತಾ?" ಆಮೇಲೆ ಅತ್ತೆಯ ಕಡೆ ತಿರುಗಿದಳು. "ಸೀರೆ ಸುಟ್ಟೋಯ್ತು, ಚಟ್ನಿಪುಡಿ ಸುಟ್ಟೋಯ್ತು. ಇದು ಸುಡಲಿಲ್ಲ. ಮಗಳಿಗೆ ಕೊಡ್ಬೇಕಾಗಿದ್ದು ಇದೇ ತಾನೇ? ಏಳಿ ಮೇಲಕ್ಕೆ. ಹದಿನೈದ್ರಾಗೆ ಒಂದು ಇನ್ನೂರು ಕಳೆದ್ರೆ ಇನ್ನೂ ಬೇಜಾನ್ ಜಾಗ ಐತೆ, ಬರ್ತಾ ಅಲ್ಲಿಂದ ತುಂಬ್ಕೊಂಡ್ ಬರುವ್ರಂತೆ."

ಅತ್ತೆ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎದ್ದಳು.

ಒರಳನ್ನು ಒಗೆದ ಹಿಟ್ಟಿನ ಚೀಲದಲ್ಲಿ ಹಾಕಿ ನಂಜಕ್ಕ ಬಾಯಿ ಹೊಲಿದುಕೊಟ್ಟಳು. ಯಲಹಂಕದ ಸಿಗ್ನಲ್ಲುಗಳಲ್ಲಿ ನಾನು ಗಡಿಯಾರ ನೋಡುತ್ತಾ, ಅತ್ತೆ ಚೀಲವನ್ನು ಮಡಿಲಲ್ಲಿ ಕೂರಿಸಿಕೊಂಡು, ಹೇಗೋ ಮುಟ್ಟಿದೆವು. ಒಳಗೆ ಹೋದ ಮೇಲಿನದನ್ನು ಅತ್ತೆ ಫೋನಿನಲ್ಲಿ ಹೇಳಿದಳು. ಕೌಂಟರಿನ ಹುಡುಗಿ ಆ ಪುಟ್ಟ ಚೀಲವನ್ನು ನೋಡಿ, "ಅಮ್ಮಾ, ಲಗೇಜು ಇಷ್ಟೇನಾ?" ಎಂದಳಂತೆ. "ಇಷ್ಟೇ ಕಣಮ್ಮ, ಆರು ವರ್ಷದ್ದು," ಎಂದಳಂತೆ ಅತ್ತೆ. ಹುಡುಗಿಗೆ ಅರ್ಥವಾಗಲಿಲ್ಲ. ಚೀಲವನ್ನು ತಟ್ಟೆಯೊಂದರಲ್ಲಿಟ್ಟು, ಪಟ್ಟಿ ಅಂಟಿಸಿ, ದೊಡ್ಡ ದೊಡ್ಡ ಪೆಟ್ಟಿಗೆಗಳ ಸಾಲಿನಲ್ಲಿ ಸಾಗಹಾಕಿದಳಂತೆ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಗಿರಣಿ ಓಡುತ್ತಿದೆ. ಒರಳು ಇಲ್ಲದಿದ್ದರೆ ತಕ್ಕಡಿ ಹದಿನೈದು ತೋರಿಸುತ್ತಿತ್ತು. ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ! ನಾವು ಚಪ್ಪಾಳೆ ತಟ್ಟಿ, ಯಂತ್ರದ ಸದ್ದಿನಲ್ಲಿ ಏನೂ ಕೇಳಿಸದೆ, ಹೊಗೆಯಾಡಲು ಹೊರಟಿದ್ದ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಏರಿಸುತ್ತಿದ್ದೆವು. ಒರಳು ಇತ್ತು, ಆದ್ದರಿಂದ ತೂಕ ಹೆಚ್ಚಿತು, ನಾನು ತಕ್ಕಡಿಯನ್ನು ಹೀಗಳೆದೆ, ನಂಜಕ್ಕ ಸಿಟ್ಟಾದಳು, ಯಂತ್ರ ನಿಂತಿತು, ಸದ್ದು ಕೇಳಿಸಿತು. ಆದರೆ ಆ 'ಟಕ್'? ನಾನು ಮೇಲೆ ಕೂತಾಗ ಬ್ಯಾಟರಿಯನ್ನು ಕೆಳಗಿನಿಂದ ಒತ್ತಿದ್ದು ಆ ಹಿತ್ತಾಳೆಯೇ ಇರಬೇಕಲ್ಲ? ಕೊಲ್ಲಲು ಹೊರಟದ್ದೂ ಅದೇ, ಕಾಪಾಡಿದ್ದೂ ಅದೇ ಎನ್ನಲೇ? ನಿಲ್ದಾಣದ ತಪಾಸಣೆಯಲ್ಲಿ ಹೇಗಿದ್ದರೂ ಸಿಕ್ಕಿಬೀಳುತ್ತಿತ್ತು ಬಿಡಿ ಎಂದು ಬಲ್ಲವರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ನನ್ನ ಕಲ್ಪನೆಯ ಪೆಟ್ಟಿಗೆ ಎಲ್ಲ ತಪಾಸಣೆಗಳನ್ನೂ ದಾಟಿ ಮೇಲಕ್ಕೇರಿಬಿಡುತ್ತದೆ. ಕಿಟಕಿಯ ಪಕ್ಕ ಅತ್ತೆ ಮೋಡ ನೋಡುತ್ತಾ ಕೂತಿರುತ್ತಾಳೆ. ಅಲ್ಲಿಗೆ ಬಂದಾಗ ನಾನು ಎದ್ದು ನೀರು ಕುಡಿಯುತ್ತೇನೆ.

ಒಂದಂತೂ ತಿಳಿಯಿತು. ಸರಿಯಾದ ತೂಕ ಪೆಟ್ಟಿಗೆಯ ಬಾಯಿ ಮುಚ್ಚಿಸುತ್ತದೆ, ಹೆಚ್ಚಿನ ತೂಕ ಬಾಯಿ ಬಿಡಿಸುತ್ತದೆ. ಹದಿನೈದು ಎಂಬ ಅಂಕಿ ಒಳಗೇನಿದೆಯೆಂದು ಯಾರನ್ನೂ ಕೇಳುವುದಿಲ್ಲ. ಮೀರಿದ ತೂಕ ಮಾತ್ರ, ಬಿಚ್ಚು, ತೋರಿಸು, ಏನನ್ನು ಬಚ್ಚಿಟ್ಟಿದ್ದೀಯ ಎಂದು ಪಟ್ಟು ಹಿಡಿಯುತ್ತದೆ. ಅತ್ತೆ ಆರು ವರ್ಷ ತೂಕ ಸರಿಯಾಗಿಟ್ಟುಕೊಂಡು ಬದುಕಿದ್ದಳು. ಜಗಳವಿಲ್ಲ, ಕಣ್ಣೀರಿಲ್ಲ, ಮಂಡಿನೋವು, ಸೊಸೈಟಿಯ ಸಭೆ. ಒಂದು ಬೆಳಿಗ್ಗೆ ಒಂದು ಕಿಲೋ ಇನ್ನೂರು ಗ್ರಾಂ ಮೀರಿದಳು.

ಮೊನ್ನೆ ಅವಳ ಫೋನು. "ಬಂದು ಕರ್ಕೊಂಡ್ ಹೋಗೋ, ಇಲ್ಲ ಅಂದ್ರೆ ಇವರು ಬಿಡಲ್ಲ. ಬರ್ತಾ ಒಂದು ಎರಡು ಕೆಜಿ ಅಕ್ಕಿಹಿಟ್ಟು ತಾ. ಇಲ್ಲಿನ ಹಿಟ್ಟಿಗೆ ಚಕ್ಕುಲಿ ಮುರೀತವೆ. ಅಳಿಯಂದ್ರು ಒರಳು ತಿರುಗಿಸೋದು ಕಲ್ತಿದಾರೆ ಕಣೋ!"

ನಿನ್ನೆ ನಂಜಕ್ಕನಲ್ಲಿ ಅಕ್ಕಿ ಬೀಸಿಸಿ, ಪೆಟ್ಟಿಗೆಗೆ ತುಂಬಿ, ತಕ್ಕಡಿಗಿಟ್ಟೆ. ಹದಿಮೂರು ಮುನ್ನೂರು. ಎಲ್ಲ ಸರಿಯಿದ್ದರೂ ನಾನು ಕೇಳಿದೆ, "ನಂಜಕ್ಕ, ಒಂದು ನಿಮಿಷ ಮಿಷಿನ್ ನಿಲ್ಲಿಸ್ತೀರಾ?" ಅವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಪೆಟ್ಟಿಗೆಗೆ ಕಿವಿಗೊಟ್ಟೆ. ಬಿಚ್ಚಿದೆ, ಒಂದೊಂದನ್ನೇ ಮುಟ್ಟಿ ನೋಡಿದೆ, ಮುಚ್ಚಿದೆ. ಬಟ್ಟೆ ಕಡಿಮೆ ಮಾಡಿದ್ದೆ. ಮೇಲೆ ಕೂರದೆಯೇ ಜಿಪ್ಪು ಬಂತು.

ಇದನ್ನು ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಚಕ್ರಗಳನ್ನು ಒರೆಸಲಿಲ್ಲ. ಈಗ ತಾನೇ ತಿರುಗಿ ನೋಡಿದೆ. ಬಾಗಿಲಿನಿಂದ ಕೌಂಟರಿನವರೆಗೆ, ಆ ಕನ್ನಡಿಯಂಥ ನೆಲದ ಮೇಲೆ, ಅಕ್ಕಿಹಿಟ್ಟಿನ ಎರಡು ತೆಳು ಗೆರೆಗಳು ನನ್ನ ಹಿಂದೆ ಬಂದಿವೆ.