ಕಾನೂನಿನ ಪ್ರಕಾರ ಮಗಳು

ಓಜಿಮಾದ ನಮ್ಮ ವಸತಿ ಕಟ್ಟಡಗಳ ನಡುವಿನ ಸಭಾಕೋಣೆಗೆ ಈ ವಾರ ಹೊಸ ತತಾಮಿ, ಅಂದರೆ ಜಪಾನೀ ಹುಲ್ಲುಚಾಪೆ, ಹಾಸಿದ್ದಾರೆ. ಬಾಗಿಲು ಸರಿಸಿದರೆ ಹಸಿ ಹುಲ್ಲಿನ ವಾಸನೆ. ಇಂಥ ವಾಸನೆಗೆ ನಿಮಗೆ ಊರು ನೆನಪಾದೀತು. ನನಗೆ ನೆನಪಾದದ್ದು ಅಮೆರಿಕ. ನಾನು ಅಮೆರಿಕ ನೋಡಿದವಳೇ ಅಲ್ಲ. ಅದನ್ನು ಈ ಕೋಣೆಯಲ್ಲಿ, ಕಾಲು ಜೋಮು ಹಿಡಿಯುವಷ್ಟು ಹೊತ್ತು ಕೂತು, ಹಯಾಶಿ ಸೆನ್ಸೇ ಅವರಿಂದ ಕಲಿತೆ.

ಸೆನ್ಸೇ ಎಂದರೆ ನಮ್ಮಲ್ಲಿ ಟೀಚರನ್ನು ಮೇಡಂ ಎಂದ ಹಾಗೆ. ಕಾಶಿವಾ ಊರಿನ ಕಾಲೇಜಿನಲ್ಲಿ ಅಮೆರಿಕನ್ ಸಾಹಿತ್ಯ ಕಲಿಸಿ ನಿವೃತ್ತರಾಗಿದ್ದ ಅವರು ನಮ್ಮ ಪಕ್ಕದ ಕಟ್ಟಡದಲ್ಲಿದ್ದರು. ಶನಿವಾರ ಮಧ್ಯಾಹ್ನ, ಆಸಕ್ತಿ ಇದ್ದವರಿಗೆ ಇಂಗ್ಲಿಷಿನಲ್ಲಿ ಪಾಠ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಗಂಡನನ್ನು ಕಂಪನಿ ಇಲ್ಲಿಗೆ ಕಳಿಸಿದ ಮೇಲೆ ಆ ಪದವಿ ಮಗಳ ಹೋಂವರ್ಕಿಗಷ್ಟೇ ಒದಗುತ್ತಿತ್ತು. ಎಲ್ಲ ಓದಿದ್ದೇನೆಂಬ ಧಿಮಾಕಿನಲ್ಲೇ ಹೋದೆ. ನಾನು ಓದಿದ್ದು ಬರೀ ಗೈಡುಗಳನ್ನು ಎಂದು ಮೊದಲ ವಾರವೇ ಗೊತ್ತಾಯಿತು.

ಯಾವ ಕಥೆ ಓದಿದರೂ ಸೆನ್ಸೇ ಕೇಳುತ್ತಿದ್ದದ್ದು ಒಂದೇ: ಈ ಮನೆಯಲ್ಲಿ ಸಹಿ ಹಾಕುವ ಅಧಿಕಾರ ಯಾರಿಗಿದೆ? ಹಳೆಯ ಅಮೆರಿಕದಲ್ಲಿ ಮದುವೆಯಾದ ಹೆಂಗಸಿನ ಸಂಪಾದನೆ ಗಂಡನದಂತೆ. ಗುಲಾಮ ಹೆಂಗಸಿಗೆ ಅವಳ ಮೈಯೇ ಅವಳದಲ್ಲ, ಹೆತ್ತ ಮಕ್ಕಳೂ ಅವಳವಲ್ಲ. ನಾವು ಪ್ರೀತಿ ಎಂದು ಅಡಿಗೆರೆ ಎಳೆದ ಕಡೆಯೆಲ್ಲ ಅವರು ಯಜಮಾನನನ್ನು ಹುಡುಕುತ್ತಿದ್ದರು. ಗಂಡನ ಕೆಲಸದ ಮೇಲೆ ವೀಸಾ ನಿಂತಿದ್ದ ನಾನು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದೆ.

ಒಂದು ಶನಿವಾರ, ಒಂದೇ ಮನೆಯಲ್ಲಿ ಕೊನೆಯವರೆಗೂ ಬಾಳಿದ ಇಬ್ಬರು ಹೆಂಗಸರ ವಿಷಯ ಬಂತು. ಓದಿ, ದುಡಿದು, ಮದುವೆ ಬೇಡವೆಂದ ಅಂಥ ಜೋಡಿಗಳು ಆ ಕಾಲದ ಅಮೆರಿಕದಲ್ಲಿದ್ದವು. ಊರವರು ಗೆಳತಿಯರು ಎಂದರು, ಚರಿತ್ರೆ ಬರೆದವರೂ ಹಾಗೇ ಬರೆದರು. ನಮ್ಮ ಜೊತೆ ಓದುತ್ತಿದ್ದ ಬೆಂಗಳೂರಿನ ಎಂಜಿನಿಯರ್ ಮಹೇಶ್, ಬರೀ ಗೆಳತಿಯರೇ ಇರಬಹುದಲ್ಲ, ನಾವೇಕೆ ಬಣ್ಣ ಕಟ್ಟಬೇಕು ಎಂದು ಕೇಳಿದ. ಇರಬಹುದು ಎಂದು ಸೆನ್ಸೇ ಒಪ್ಪಿದರು. ಆದರೆ ಒಬ್ಬಳು ಸಾಯುವಾಗ ಇನ್ನೊಬ್ಬಳನ್ನು ಕೋಣೆಯೊಳಗೆ ಬಿಟ್ಟರೇ, ಅದನ್ನು ನೋಡಿ ಎಂದರು. ಹಿಂದೆ ನಮಗೆಲ್ಲ ಚಹಾ ಬಗ್ಗಿಸುತ್ತಿದ್ದ ಮಿಚಿಕೋ ಸಾನ್ ತಲೆ ಎತ್ತಲಿಲ್ಲ.

ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ‘ಅವರು’ ಎಂದ ಹಾಗೆ. ಮಿಚಿಕೋ ಸಾನ್ ವಯಸ್ಸಿನ ಕಾಲದಿಂದಲೂ ಸೆನ್ಸೇ ಜೊತೆಗಿದ್ದವರು. ನಾವೂ ಅವರನ್ನು ಗೆಳತಿ ಎಂದೇ ಕರೆಯುತ್ತಿದ್ದೆವು.

ಆ ಚಳಿಗಾಲದಲ್ಲಿ ಮಿಚಿಕೋ ಸಾನ್ ಮನೆಯಲ್ಲೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಸೆನ್ಸೇಯನ್ನು, ನೀವು ಅವರಿಗೇನಾಗಬೇಕು ಎಂದು ಕೇಳಿದರಂತೆ. ಗೆಳತಿ ಎಂದದ್ದಕ್ಕೆ ಹೊರಗೆ ಕೂರಿಸಿದರು. ವರ್ಷಗಳಿಂದ ಮಾತು ಬಿಟ್ಟಿದ್ದ ಮಿಚಿಕೋ ಸಾನ್ ಅವರ ಅಣ್ಣ ದೂರದ ಕ್ಯೂಶೂ ದ್ವೀಪದಿಂದ ಬಂದು, ಚಿಕಿತ್ಸೆಗೆ ಒಪ್ಪಿಗೆ ಕೊಟ್ಟು, ಸೆನ್ಸೇಗೆ ತಲೆಬಾಗಿ ವಂದಿಸಿ ಹೊರಟುಹೋದ.

ಮಿಚಿಕೋ ಸಾನ್ ಚೇತರಿಸಿಕೊಂಡರು. ಪಾಠ ಮತ್ತೆ ಶುರುವಾದ ದಿನ ಸೆನ್ಸೇ ಪುಸ್ತಕ ತೆರೆಯಲಿಲ್ಲ. ಇಬ್ಬರೂ ವಾರ್ಡ್ ಆಫೀಸಿಗೆ ಹೋಗಿ ಬಂದೆವು, ಮಿಚಿಕೋ ಈಗ ನನ್ನ ದತ್ತು ಮಗಳು ಎಂದರು. ಇಲ್ಲಿ ದೊಡ್ಡವರನ್ನೂ ದತ್ತು ತೆಗೆದುಕೊಳ್ಳಬಹುದು. ತಾಯಿಯಾಗುವವಳು ಒಂದು ದಿನ ಮುಂಚೆ ಹುಟ್ಟಿದ್ದರೂ ಸಾಕು. ನಗಬೇಕೋ ಬೇಡವೋ ತಿಳಿಯದೆ ನಾವು ಕೂತಿದ್ದಾಗ, ತಲೆಯೆಲ್ಲ ನರೆತಿದ್ದ ಮಗಳೇ ಮೊದಲು ನಕ್ಕರು. ಮಹೇಶ್ ಎದ್ದು ಕಂಗ್ರಾಜುಲೇಷನ್ಸ್ ಎಂದ.

ಸೆನ್ಸೇ ಅವನಿಗೆ ಥ್ಯಾಂಕ್ಸ್ ಹೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ಅವರಂದದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ನಾಳೆ ಈ ದೇಶದಲ್ಲಿ ಇಬ್ಬರು ಹೆಂಗಸರು ಮದುವೆಯಾಗಬಹುದು ಅಂತ ಕಾನೂನು ಬಂದರೂ ನಮಗಾಗುವುದಿಲ್ಲ. ಒಮ್ಮೆ ತಾಯಿ ಮಗಳಾದವರು, ದತ್ತು ರದ್ದು ಮಾಡಿಸಿದರೂ, ಮದುವೆಯಾಗುವಂತಿಲ್ಲ. ಕಾಯೋಣ ಅಂದಳು ಮಿಚಿಕೋ. ನನಗೆ ಧೈರ್ಯ ಸಾಲಲಿಲ್ಲ."

ಕಾಯದಿದ್ದದ್ದೇ ಸರಿಯಾಯಿತೇನೋ. ಮರುವರ್ಷ ಕಾಯಿಲೆ ಮರುಕಳಿಸಿತು. ನಾನು ನೋಡಲು ಹೋಗಿದ್ದಾಗ ನರ್ಸ್ ಬಂದು, "ಒಕಾಸಾನ್, ಒಳಗೆ ಬನ್ನಿ" ಎಂದು ಕರೆದಳು. ಒಕಾಸಾನ್ ಎಂದರೆ ಅಮ್ಮ. ಸೆನ್ಸೇ "ಹಾಯ್" ಎಂದು ಓಗೊಟ್ಟು ಎದ್ದರು. ಇಲ್ಲಿ ಹಾಯ್ ಎಂದರೆ ಹೂಂ, ಬಂದೆ. ಮಿಚಿಕೋ ಸಾನ್ ಹೋಗುವಾಗ ಕೈ ಹಿಡಿದುಕೊಂಡಿದ್ದವರು ಅವರೇ. ಶನಿವಾರದ ಪಾಠ ಅಲ್ಲಿಗೆ ನಿಂತಿತು.

ಇವತ್ತು ಮಧ್ಯಾಹ್ನ ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದಳು. ನನ್ನ ಬೆನ್ನ ಹಿಂದೆ ಫ್ರಿಜ್ ಮೇಲಿದ್ದ ಸೆನ್ಸೇ ಮತ್ತು ಮಿಚಿಕೋ ಸಾನ್ ಫೋಟೋ ಅವಳ ಕಣ್ಣಿಗೆ ಬಿತ್ತು.

"ಯಾರೇ ಇವರಿಬ್ರು? ಅಕ್ಕ ತಂಗೀನಾ?"

ತಾಯಿ ಮಗಳು ಎಂದಿದ್ದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ನನ್ನ ಮಗಳು ಫೋನಿನಿಂದ ತಲೆ ಎತ್ತಿದ್ದಳು.

"ಅಲ್ಲಮ್ಮ. ಗಂಡ ಹೆಂಡ್ತಿ ಥರ ಬಾಳಿದೋರು. ಇಬ್ರೂ ಹೆಂಗಸ್ರೇ."

ಅಮ್ಮ ಫೋಟೋದ ಕಡೆ ಬಗ್ಗಿ ನೋಡಿದಳು. ಅಪ್ಪ ಹೋದ ಮೇಲೆ ಯಾವ ಜೋಡಿಯ ವಿಷಯ ಬಂದರೂ ಅವಳು ಕೇಳುವುದು ಇದನ್ನೇ.

"ಯಾರು ಮೊದ್ಲು ಹೋದ್ರು?"

"ಚಿಕ್ಕೋರು."

"ಅಯ್ಯೋ. ಮತ್ತೆ ಇನ್ನೊಬ್ರು ಒಬ್ರಿಗೋಸ್ಕರ ಒಲೆ ಹಚ್ಕೊಂಡು ಉಣ್ತಾರೇನೇ?"

ಸಂಜೆ ಸಾರಿಗೆ ಖಾರ ಕಡಿಮೆ ಹಾಕಿ, ಅನ್ನ ಸ್ವಲ್ಪ ಹೆಚ್ಚಿಗೆ ಇಟ್ಟೆ. ಪಕ್ಕದ ಕಟ್ಟಡಕ್ಕೆ, ಸೆನ್ಸೇಗೆಂದು ಡಬ್ಬಿ ಕಟ್ಟುವಾಗ, ನಾನು ಕರೆಯದಿದ್ದರೂ ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.