ಡಾರ್ಕಸ್ ಥರ್ಲೋ ಬರೆಯದ ಹಾಳೆ

ತಪ್ಪು ಬರೆದರೆ ಒಬ್ಬರ ಮಾನ ಹೋಗುತ್ತದೆ. ಬರೆಯದೆ ಬಿಟ್ಟರೂ ಹೋಗುತ್ತದೆ. ಸಂಜೆ ಶಾಲೆಯಲ್ಲಷ್ಟೇ ಕಲಿತ ನಾನು ಪತ್ರಿಕೆಗಾಗಿ ಇದನ್ನು ಬರೆಯಲು ಕೈಹಾಕಿದ್ದನ್ನು ಓದುಗರು ಮನ್ನಿಸಬೇಕು.

ಬೆಳಗಿನ ಐದು ಗಂಟೆ. ಪೆಲ್ಸ್ ಕೋವ್‌ನ ಸುಣ್ಣದ ಗೂಡುಗಳ ಪಕ್ಕದ ಕೊಟ್ಟಿಗೆಯಲ್ಲಿ ಈಬೆನ್ ಥರ್ಲೋ ಸುಣ್ಣದ ಪೀಪಾಯಿಗೆ ಮರದ ಪಟ್ಟಿ ಬಡಿಯುತ್ತಿದ್ದಾರೆ. ದಿನಕ್ಕೆ ಮೂವತ್ತು ಪೀಪಾಯಿ. ಪಕ್ಕದಲ್ಲಿ ಹೆಂಡತಿ ಡಾರ್ಕಸ್ ಪಟ್ಟಿಗೆ ಬೇಕಾದ ಕೋಲು ಸೀಳುತ್ತಿದ್ದಾರೆ. ಇಪ್ಪತ್ತು ವರ್ಷಗಳಿಂದ ಈಬೆನ್ ಊರಿನ ಗುಮಾಸ್ತರೂ ಹೌದು. ಹುಟ್ಟು, ಸಾವು, ದನಗಳ ಕಿವಿಯ ಗುರುತು, ವರ್ಷವರ್ಷದ ಗವರ್ನರ್ ಚುನಾವಣೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬ ಪಟ್ಟಿ, ಎಲ್ಲದರ ಕೆಳಗೂ ಅವರದೇ ಸಹಿ.

ಈ ಸೆಪ್ಟೆಂಬರಿನ ಪಟ್ಟಿಯೇ ಈಗ ಅವರ ಕುತ್ತಿಗೆಗೆ ಬಂದಿದೆ. ಊರಿನ ನೂರಾ ನಲವತ್ಮೂರು ಮತ ಜೊಸಾಯಾ ಪೆನ್‌ಹ್ಯಾಲೋ ಅವರಿಗೆ ಬಿದ್ದವು. ಇಂಗ್ಲಿಷಿನಲ್ಲಿ ಆರಕ್ಷರದ ‘ಜೊಸಾಯಾ’ವನ್ನು ಈಬೆನ್ ಮೂರಕ್ಕೆ ಇಳಿಸಿ, ಚುಕ್ಕಿ ಇಟ್ಟು, ‘ಜೋಸ್.’ ಎಂದು ಬರೆದು ಕಳಿಸಿದರು. ಜೋಸ್ ಎಂದರೆ ಜೋಸೆಫ್ ಕೂಡ ಆಗಬಹುದು, ಆ ಹೆಸರಿನವರು ಕಣದಲ್ಲೇ ಇಲ್ಲ ಎಂದು ರಾಜಧಾನಿಯ ಮಂಡಳಿ ಅಷ್ಟೂ ಮತವನ್ನು ಹೊಡೆದುಹಾಕಿತು. ಎದುರಾಳಿ ಗೆದ್ದದ್ದು ಬರೀ ತೊಂಬತ್ತೆರಡು ಮತಗಳ ಅಂತರದಿಂದ. ಅದೇ ವಾರ ಥರ್ಲೋ ಮನೆಯಲ್ಲಿ ಮಿರಮಿರ ಮಿಂಚುವ ಕಬ್ಬಿಣದ ಒಲೆಯೊಂದನ್ನು ಜನ ಕಂಡರು. ಅವರನ್ನು ಗುಮಾಸ್ತರಾಗಿ ಉಳಿಸಬೇಕೋ ಬೇಡವೋ ಎಂದು ಸೋಮವಾರದ ಊರ ಸಭೆ ತೀರ್ಮಾನಿಸಲಿದೆ.

ಮೊಳೆ ಕೊಳ್ಳಲು ಹೋದರೆ ಅಂಗಡಿಯ ಆಸಾ ಗ್ರಿಂಡಲ್ ಬಿಡುವುದಿಲ್ಲ. “ಬಾರಪ್ಪ ಈಬೆನ್! ಮೂರಕ್ಷರ ನುಂಗಿದ್ದಕ್ಕೇ ಒಲೆ ಬಂತು. ಆರೂ ನುಂಗಿದ್ರೆ ಮನೇನೇ ಬರ್ತಿತ್ತಲ್ಲೋ!”

“ಮೊಳೆ ತೂಗು, ನಾಲಿಗೆ ಆಮೇಲೆ ತೂಗುವಿಯಂತೆ,” ಎನ್ನುತ್ತಾರೆ ಈಬೆನ್. ಆದರೆ ತಲೆ ಎತ್ತುವುದಿಲ್ಲ.

ನಾನೂ ಅನುಮಾನ ಇಟ್ಟುಕೊಂಡೇ ಬಂದವನು. ಸಭಾಭವನದ ಕಪಾಟಿನಲ್ಲಿರುವ ಹಿಂದಿನ ಹತ್ತೊಂಬತ್ತು ವರ್ಷಗಳ ಪಟ್ಟಿಗಳ ಪ್ರತಿಗಳನ್ನು ಎರಡೆರಡು ಸಲ ನೋಡಿದ್ದೇನೆ. ಎಲ್ಲದರಲ್ಲೂ ಹೆಸರು ಪೂರ್ತಿ, ಅಕ್ಷರ ದುಂಡಗೆ. ಹಾಗಾದರೆ ಈ ಸಲ ಮಾತ್ರ ಏಕೆ ಮೊಟಕು? ಕೊಟ್ಟಿಗೆಯಲ್ಲಿ ಕೇಳಿಯೇಬಿಡುತ್ತೇನೆ.

“ಪೀಪಾಯಿ ಮುಚ್ಚಳದ ಮೇಲೆ ಗಿರಾಕಿ ಹೆಸರು ಹಂಗೇ ಬರೀತೀನಿ. ಇಲ್ಲೀವರ್ಗೂ ಯಾವ ಪೀಪಾಯೀನೂ ದಾರಿ ತಪ್ಪಿಲ್ಲ,” ಎನ್ನುತ್ತಾರೆ ಈಬೆನ್.

“ಹಿಂದಿನ ಪಟ್ಟಿಗಳಲ್ಲಿ ಹಾಗೆ ಬರೆದಿಲ್ಲವಲ್ಲ?”

ಸುತ್ತಿಗೆ ನಿಲ್ಲುತ್ತದೆ.

“ಹೇಳು,” ಎನ್ನುತ್ತಾರೆ ಡಾರ್ಕಸ್. “ಇಲ್ಲಾಂದ್ರೆ ನಾನ್ ಹೇಳ್ತೀನಿ.”

“ಸುಮ್ನಿರು ಡಾರ್ಕಸ್.”

“ಹತ್ತೊಂಬತ್ತು ವರ್ಷ ಸುಮ್ನೇ ಇದ್ದೆ.” ನನ್ನ ಕಡೆ ತಿರುಗುತ್ತಾರೆ. “ಎಣಿಸೋದು ಇವನು, ಬರೆಯೋದು ನಾನು, ಸಹಿ ಇವನದು. ಇವನು ಪೆನ್ನು ಹಿಡಿದ್ರೆ ಕೊಡಲಿ ಹಿಡಿದಂಗೆ. ಈ ಸಲ ಮಗಳ ಬಾಣಂತನ ಅಂತ ಹೊಳೆ ಆಚೆ ಹೋದೆ. ಮೂರೇ ವಾರ! ಅಷ್ಟರಲ್ಲಿ ಗವರ್ನರನ್ನೇ ಪೀಪಾಯಿಗೆ ತುಂಬಿ ಕಳಿಸ್ಬಿಟ್ಟ.”

ಈಬೆನ್ ನಗುವುದಿಲ್ಲ. “ಹೆಂಗಸು ಬರೆದದ್ದು ಅಂತ ಗೊತ್ತಾದ್ರೆ ಹಿಂದಿನವನ್ನೂ ಸುಳ್ಳು ಅಂತಾರೆ ಸ್ವಾಮಿ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.”

ಗಂಡನನ್ನು ಉಳಿಸಲು ಕಟ್ಟಿದ ಮಾತಿರಬಹುದೆ? ನಾಚಿಕೆಯಿಂದಲೇ ಸೀಮೆಸುಣ್ಣ ಕೊಡುತ್ತೇನೆ. ಡಾರ್ಕಸ್ ಪೀಪಾಯಿ ಮುಚ್ಚಳದ ಮೇಲೆ ಜೊಸಾಯಾ ಪೆನ್‌ಹ್ಯಾಲೋ ಹೆಸರನ್ನು ಪೂರ್ತಿ ಬರೆಯುತ್ತಾರೆ. ಕಪಾಟಿನಲ್ಲಿ ಕಂಡ ಅದೇ ದುಂಡಕ್ಷರ, ಬಾಲ ಒಳಕ್ಕೆ ಸುತ್ತಿದ ಅದೇ ಮೊದಲಕ್ಷರ. ಓಟು ಹಾಕುವ ಹಕ್ಕೇ ಇಲ್ಲದ ಕೈ ಅದು.

ಒಲೆಯ ಬಗ್ಗೆಯೂ ಕೇಳುತ್ತೇನೆ. “ಹಳೇದೇ. ವಾಪಸ್ ಬಂದ್ಮೇಲೆ ಹೊಳಪಿನ ಮಸಿ ಬಳಿದು ಉಜ್ಜಿದೀನಿ,” ಎನ್ನುತ್ತಾರೆ ಡಾರ್ಕಸ್. ಮನೆಯೊಳಗೆ ಹೋಗಿ, ಬಗ್ಗಿ ಒಲೆಯ ಕಾಲುಗಳಲ್ಲಿ ಹಳೆಯ ತುಕ್ಕು ಹುಡುಕುತ್ತೇನೆ. ಮಸಿ ದಪ್ಪವಾಗಿದೆ, ಏನೂ ಕಾಣಿಸುವುದಿಲ್ಲ.

ಇದನ್ನೆಲ್ಲ ಅಚ್ಚು ಹಾಕಿಸಲೇ ಎಂದರೆ ಈಬೆನ್ ಹೆಂಡತಿಯ ಮುಖ ನೋಡುತ್ತಾರೆ.

“ಹಾಕ್ಸಿ. ಸೋಮವಾರ ಅವರು ಇವನನ್ನ ಇಟ್ಕೊಳ್ಳಲಿ, ಬಿಡಲಿ. ಸಭೇಲಿ ನಂಗೆ ಮಾತಿಲ್ಲ, ಪೇಪರ್‌ನಲ್ಲಾದ್ರೂ ಇರಲಿ: ನನ್ನ ಹಾಳೆ ಒಂದೂ ವಾಪಸ್ ಬಂದಿಲ್ಲ.”

ಹತ್ತೊಂಬತ್ತು ಹಾಳೆಗಳು ಯಾರ ಕೈಬರಹವೆಂದು ಕಣ್ಣಾರೆ ನೋಡಿ ಬಂದಿದ್ದೇನೆ. ಇಪ್ಪತ್ತನೆಯದರಲ್ಲಿ ಆ ಮೂರಕ್ಷರ ಅಭ್ಯಾಸದಿಂದ ಬಿದ್ದುಹೋದವೋ, ಯಾರಾದರೂ ಬೀಳಿಸಿದರೋ, ನನಗೆ ಗೊತ್ತಾಗಲಿಲ್ಲ.