ಹತ್ತಿಯ ಕಿವಿ ಹುಡುಕುವ ಮರ್ಲೀನ್ ಆಂಟಿ

ಆಸ್ಟ್ರೇಲಿಯಾದ ವೀವಾ ಊರಿನಾಚೆಯ ಹೊಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಹತ್ತಿ ಬಿಡಿಸಿ ಮೂರು ವಾರವಾಗಿದೆ. ಯಂತ್ರ ಕತ್ತರಿಸಿ ಹೋದ ಸಾಲಿನಲ್ಲಿ ಅರವತ್ತಾರರ ಮರ್ಲೀನ್ ಆಂಟಿ ಮಂಡಿಯೂರಿ ಕೂತು, ಒಂದು ಮೋಟು ಬುಡವನ್ನು ಹೆಬ್ಬೆರಳ ಉಗುರಿನಿಂದ ಕೆರೆಯುತ್ತಾರೆ. ಅವರನ್ನು ಕಾಣಲು ಬಂದ ನನಗೂ ತೋರಿಸುತ್ತಾರೆ: ಒಳಗೆ ಹಸಿರು.

"ಕ್ಲೈವ್, ಬಾರೋ ಇಲ್ಲಿ. ನೀನು ಕೊಯ್ದ ಹೆಣ ಉಸಿರಾಡ್ತಿದೆ."

ಹೊಲದ ಒಡೆಯ ಕ್ಲೈವ್ ನಗುತ್ತಾನೆ. "ಇನ್ನೊಂದ್ಸಲ ಹಿಮ ಬೀಳ್ಲಿ ಆಂಟಿ, ತಾನೇ ಸಾಯತ್ತೆ."

"ಹಿಮ ಮೇಲಿನ ಅಂಗಿ ಸುಡತ್ತೆ ಕಣೋ, ಬೇರನ್ನಲ್ಲ. ನಿಮ್ಮಪ್ಪನೂ ಹಿಂಗೇ ಅಂತಿದ್ದ. ಆಮೇಲೆ ನನ್ನನ್ನೇ ಕರೆಯೋಕೆ ಬರ್ತಿದ್ದ."

ಈ ಹೊಲಕ್ಕೆ ಹನ್ನೊಂದು ವರ್ಷದಿಂದ ನೇಗಿಲು ತಾಗಿಲ್ಲ. ಬೇರು ಮಣ್ಣಲ್ಲೇ ಕೊಳೆಯುತ್ತದೆ, ಮಳೆನೀರು ಅದೇ ದಾರಿ ಹಿಡಿದು ಇಳಿಯುತ್ತದೆ, ಗೋಧಿ ಹತ್ತಿಯ ಮೋಟುಗಳ ಸಂದಿಯಲ್ಲೇ ಏಳುತ್ತದೆ. ಆದರೆ ಕೂಳೆ ಚಿಗುರಿದರೆ, ಸಸ್ಯಹೇನು, ಹುಳುಗಳಿಗೆ ಚಳಿಗಾಲವಿಡೀ ಛತ್ರ ಕಟ್ಟಿಸಿಕೊಟ್ಟಂತೆ. ಗೋಧಿ ಬಿತ್ತನೆಗೆ ಮುಂಚೆ ಅದು ಸಾಯದಿದ್ದರೆ ಹೊಲ ಉಳಲೇಬೇಕು, ಹನ್ನೊಂದು ವರ್ಷ ಕಟ್ಟಿದ ಮಣ್ಣು ಒಂದೇ ಬೆಳಗ್ಗೆ ತಲೆಕೆಳಗು. ಆಂಟಿಗೆ ಅದು ಬೇಡ. ಅವರು ಗಮಿಲರಾಯ್, ಇಲ್ಲಿನ ಮೂಲನಿವಾಸಿ ಜನ. ಇದು ಅವರ ಅಜ್ಜಿಯರ ನೆಲ.

ಮದುವೆಯಾದ ಮರುವಾರವೇ ಅವರು ಗುದ್ದಲಿ ಹಿಡಿದರು. ಆಗ ಕಳೆ ಕೀಳಲು ಬಸ್ಸುಗಟ್ಟಲೆ ಜನ. ವಿಮಾನ ಔಷಧಿ ಸುರಿದು ಹೋದ ಹೊಲಕ್ಕೇ ಅವರನ್ನು ಇಳಿಸುತ್ತಿದ್ದರಂತೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಅವರು ನಗುತ್ತಾರೆ. "ಹೇನು ಮಾತ್ರ ಒಂದೂ ಇರ್ಲಿಲ್ಲ ನೋಡು ತಲೇಲಿ!" ಕಳೆನಾಶಕ ಬಂದಮೇಲೆ ಬಸ್ಸುಗಳು ನಿಂತವು. ಉಳಿದವರು ಇವರೊಬ್ಬರೇ. ಈಗಲೂ ದಿನಕ್ಕೆ ಹದಿನೆಂಟು ಕಿಲೋಮೀಟರ್ ನಡೆಯುತ್ತಾರೆ, ಬಗಲಲ್ಲಿ ಚಹದ ಫ್ಲಾಸ್ಕು, ಬೂದಿಯಲ್ಲಿ ಸುಟ್ಟ ರೊಟ್ಟಿ.

ಹತ್ತಿ ಮೊಳೆತಾಗ ಬಂದ ಮೊದಲೆರಡು ಎಲೆಗಳ ಗುರುತು ಬುಡದಲ್ಲಿ ಉಳಿದಿರುತ್ತದೆ. ಆಂಟಿ ಅದನ್ನು ಕಿವಿ ಅನ್ನುತ್ತಾರೆ. "ಕಿವಿಗಿಂತ ಕೆಳಗೆ ಕೊಯ್ದ್ರೆ ಸಾಯತ್ತೆ. ಕಿವಿ ಉಳಿಸಿದ್ರೋ, ವಸಂತ ಬಂತು ಅಂತ ಯಾರೋ ಪಿಸುಗುಟ್ಟಿದ್ದೂ ಅದಕ್ಕೆ ಕೇಳಿಸ್ಬಿಡತ್ತೆ!"

ಕ್ಲೈವ್ ಇನ್ನೂ ನಾಲ್ಕು ಬುಡ ಕಿತ್ತು ನೋಡುತ್ತಾನೆ. ನಾಲ್ಕಕ್ಕೂ ಕಿವಿ ಇದೆ. ಯಂತ್ರದ ಕೊಯ್ಯುವ ತಟ್ಟೆ ಮೊಂಡಾಗಿ ಮೇಲೆ ಮೇಲೆ ಕೊಯ್ದಿದೆ. ಅದನ್ನು ಬಿಚ್ಚಿ ಮಸೆಯಲು ಹೋಗುತ್ತಾನೆ.

ಹತ್ತು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಯಂತ್ರ ಎರಡನೇ ಸಲ ಕೊಯ್ದಿದೆ, ಅದಕ್ಕೂ ತಪ್ಪಿಸಿಕೊಂಡ ಸಾವಿರದ ಮುನ್ನೂರು ಬುಡಗಳನ್ನು ಆಂಟಿಯ ಗುದ್ದಲಿ ಮುಗಿಸಿದೆ. ಮೋಟುಗಳ ನಡುವೆ ಗೋಧಿ ಬಿತ್ತನೆ ನಡೆದಿದೆ.

"ನಿಮಗೇನು ಬೇಕು ಆಂಟಿ?" ಎನ್ನುತ್ತೇನೆ.

ಅವರು ತುಟಿ ಚಾಚಿ ಶೆಡ್ಡಿನತ್ತ ತೋರಿಸುತ್ತಾರೆ. ಮೂಲೆಯಲ್ಲಿ ತುಕ್ಕು ಹಿಡಿದ ನೇಗಿಲು, ಅದರ ಮೇಲೆ ಸಾಲಾಗಿ ಕೂತ ಕೋಳಿಗಳು.

"ಅವುಗಳನ್ನ ಅಲ್ಲಿಂದ ಯಾರೂ ಎಬ್ಬಿಸ್ಬಾರ್ದು. ಅಷ್ಟೇ ಕಣಪ್ಪ."